ಸಂಕಿರಣ ‘ಹಸಿರು’ ಆಗಬೇಕಾದರೆ ಮೊದಲು ನೋಡಬೇಕಾದ್ದು ಅತಿಥಿಗಳ ಪಟ್ಟಿ

ಪ್ರಶ್ನೆ: ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ. ಡಿಸೆಂಬರಿನಲ್ಲಿ ನಮ್ಮ ವಿಭಾಗದಿಂದ ಮೂರು ದಿನಗಳ ಅಂತರರಾಷ್ಟ್ರೀಯ ವಿಚಾರ ಸಂಕಿರಣ ಇದೆ. ಒಟ್ಟು 200 ಜನ. ವಿದೇಶದಿಂದ ಐವರು (ಅಮೆರಿಕದಿಂದ ಇಬ್ಬರು, ಜರ್ಮನಿಯಿಂದ ಇಬ್ಬರು, ಸಿಂಗಪುರದಿಂದ ಒಬ್ಬರು), ದೆಹಲಿ, ಕೋಲ್ಕತ್ತ ಕಡೆಯಿಂದ ಹನ್ನೆರಡು ಜನ ವಿಮಾನದಲ್ಲಿ ಬರುತ್ತಾರೆ. ಉಳಿದವರೆಲ್ಲ ನಮ್ಮ ರಾಜ್ಯದವರೇ. ಪ್ಲಾಸ್ಟಿಕ್ ನೀರಿನ ಬಾಟಲಿ ಬೇಡ, ಸೆಣಬಿನ ಚೀಲ ಕೊಡೋಣ, ಪ್ರತಿ ಅತಿಥಿಯ ಹೆಸರಲ್ಲಿ ಒಂದು ಸಸಿ ನೆಡೋಣ, ಬ್ರೋಷರ್ ಮೇಲೆ ‘ಕಾರ್ಬನ್ ನ್ಯೂಟ್ರಲ್’ (ಹೊರಬಿಟ್ಟಷ್ಟು ಇಂಗಾಲವನ್ನು ಸರಿದೂಗಿಸಿದ್ದೇವೆ) ಎಂದು ಹಾಕೋಣ ಎಂದು ಸಮಿತಿ ತೀರ್ಮಾನಿಸಿದೆ. ಇಷ್ಟು ಸಾಕೇ? ಆನ್‌ಲೈನ್ ಎಂದರೆ ಹಿರಿಯರು ಒಪ್ಪುತ್ತಿಲ್ಲ. ‘ಎದುರಾಎದುರು ಕೂತು ಮಾತಾಡದಿದ್ದರೆ ಅದೆಂಥ ಸಂಕಿರಣ’ ಎನ್ನುತ್ತಾರೆ. ಹೋದ ಸಲ ಹೈಬ್ರಿಡ್ (ಕೆಲವರು ಖುದ್ದು, ಕೆಲವರು ಆನ್‌ಲೈನ್) ಮಾಡಿ ಕೈಸುಟ್ಟುಕೊಂಡಿದ್ದೂ ಇದೆ.

ಉತ್ತರ: ಸಾಲದು. ಆದರೆ ನೀವು ಲೆಕ್ಕವನ್ನು ಇಷ್ಟು ಬಿಡಿಸಿ ಬರೆದಿರುವುದರಿಂದ ಎಲ್ಲಿ ಸಾಲದು ಎಂಬುದನ್ನು ನಿಮ್ಮ ಅಂಕಿಗಳಲ್ಲೇ ತೋರಿಸಬಹುದು. ಕಾಗದ, ಪೆನ್ನು ತೆಗೆದುಕೊಂಡು ಕೂತರೆ ಒಂದು ಗಂಟೆಯ ಕೆಲಸ.

ವಿಮಾನದ ಎಕಾನಮಿ ದರ್ಜೆಯಲ್ಲಿ ಒಬ್ಬರು ಒಂದು ಕಿಲೋಮೀಟರ್ ಹಾರಿದರೆ ಒರಟಾಗಿ 90 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಿರಿ. ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರು ನೇರ ದಾರಿಯಲ್ಲಿ ಸುಮಾರು 14,000 ಕಿಲೋಮೀಟರ್. ಹೋಗಿ ಬಂದರೆ ಒಬ್ಬರಿಗೆ ಎರಡೂವರೆ ಟನ್. ಫ್ರಾಂಕ್‌ಫರ್ಟ್‌ನಿಂದ ಸುಮಾರು 7,400 ಕಿಲೋಮೀಟರ್, ಅಂದರೆ ಎರಡೂ ಕಡೆ ಸೇರಿ 1.3 ಟನ್. ಸಿಂಗಪುರದವರದು ಅರ್ಧ ಟನ್ನಿಗಿಂತ ತುಸು ಹೆಚ್ಚು. ಐವರಿಗೆ ಸೇರಿ ಎಂಟು ಟನ್ ದಾಟುತ್ತದೆ. ದೆಹಲಿ, ಕೋಲ್ಕತ್ತದ ಹನ್ನೆರಡು ಜನ ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಹುಬ್ಬಳ್ಳಿಗೆ ಇಳಿಯುತ್ತಾರೆಂದರೆ ತಲೆಗೆ 350 ಕಿಲೋ, ಒಟ್ಟು ನಾಲ್ಕು ಟನ್ ಚಿಲ್ಲರೆ. ಇನ್ನು ಉಳಿದ 183 ಜನ. ಸರಾಸರಿ ಹೋಗಿ ಬರಲು 400 ಕಿಲೋಮೀಟರ್ ಬಸ್ಸು, ರೈಲು ಎಂದುಕೊಂಡರೂ ಅವರೆಲ್ಲರ ಪ್ರಯಾಣ ಎರಡು ಟನ್ ಮುಟ್ಟುವುದಿಲ್ಲ. ಮೂರು ದಿನದ ಸಸ್ಯಾಹಾರಿ ಊಟ, ತಿಂಡಿ, ಚಹಾ ಒಂದು ಟನ್ನಿನ ಸುತ್ತಮುತ್ತ. ವಿದ್ಯುತ್ತು ಯೂನಿಟ್ಟಿಗೆ ಸುಮಾರು 0.7 ಕಿಲೋ, ಸಭಾಂಗಣದಲ್ಲಿ ಎಸಿ ಹಾಕಿಯೇ ನಡೆಸಿದರೂ ಮೂರು ದಿನಕ್ಕೆ ಒಂದು ಟನ್ನಿನೊಳಗೆ ಮುಗಿಯುತ್ತದೆ. ಧಾರವಾಡದ ಡಿಸೆಂಬರಿಗೆ ಎಸಿಯ ಗೊಡವೆಯೂ ಬೇಡ, ಕಿಟಕಿ ತೆರೆದರೆ ಸಾಕು.

ನೀವು ಕೈಬಿಟ್ಟ ನೀರಿನ ಬಾಟಲಿಗಳು? ದಿನಕ್ಕೆ ತಲೆಗೆ ನಾಲ್ಕರಂತೆ ಮೂರು ದಿನಕ್ಕೆ 2,400 ಬಾಟಲಿ. ಅರ್ಧ ಲೀಟರಿನ ಬಾಟಲಿಗೆ 80 ಗ್ರಾಂ ಹಿಡಿದರೂ 200 ಕಿಲೋ ಆಸುಪಾಸು.

ಎಲ್ಲ ಕೂಡಿಸಿದರೆ ಹದಿನಾರು, ಹದಿನೇಳು ಟನ್. ಅದರಲ್ಲಿ ಅರ್ಧ ಐದೇ ಜನರದು. ವಿಮಾನದಲ್ಲಿ ಬರುವ ಹದಿನೇಳು ಜನರನ್ನು ಸೇರಿಸಿದರೆ ಮುಕ್ಕಾಲು ಪಾಲು. ಇದೂ ಕಡಿಮೆ ಹಿಡಿದ ಲೆಕ್ಕವೇ. ವಿಮಾನ ಎತ್ತರದಲ್ಲಿ ಬಿಡುವ ನೀರಾವಿಯ ಗೆರೆಗಳು, ನೈಟ್ರೋಜನ್ ಆಕ್ಸೈಡುಗಳು ಕೂಡ ಭೂಮಿಯನ್ನು ಕಾಯಿಸುತ್ತವೆ. ವಿಮಾನಯಾನದಿಂದ ಈವರೆಗೆ ಆಗಿರುವ ಒಟ್ಟು ತಾಪದಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ಮೂರರಲ್ಲಿ ಒಂದು ಮಾತ್ರ. ಅತಿಥಿಗೆ ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಟ್ಟರಂತೂ ಆ ಸೀಟು ವಿಮಾನದಲ್ಲಿ ಹಿಡಿಯುವ ಜಾಗದ ಲೆಕ್ಕದಲ್ಲಿ ದೂರದ ಹಾರಾಟಕ್ಕೆ ಸುಮಾರು ಮೂರು ಪಟ್ಟು. ನಮ್ಮ ದೇಶದಲ್ಲಿ ಒಬ್ಬ ವ್ಯಕ್ತಿಯ ಪಾಲಿಗೆ ವರ್ಷವಿಡೀ ಬರುವ ಇಂಗಾಲದ ಡೈಆಕ್ಸೈಡು ಸರಾಸರಿ ಎರಡು ಟನ್. ನಲವತ್ತು ನಿಮಿಷದ ಒಂದು ದಿಕ್ಸೂಚಿ ಭಾಷಣಕ್ಕೆ ಅದಕ್ಕಿಂತ ಹೆಚ್ಚು ಹೋಗುತ್ತದೆ ಎಂಬುದನ್ನು ಸಮಿತಿಯ ಮುಂದೆ ಇಡಿ. ಬಾಟಲಿಯ ಬಗ್ಗೆ ಒಂದು ಗಂಟೆ ಚರ್ಚಿಸಿ, ವಿದೇಶಿ ಅತಿಥಿಗಳ ಹೆಸರನ್ನು ಐದು ನಿಮಿಷದಲ್ಲಿ ಅಂತಿಮಗೊಳಿಸುವ ಸಭೆಗಳು ನನಗೆ ಚೆನ್ನಾಗಿ ಗೊತ್ತು. ಆ ಐದು ನಿಮಿಷಕ್ಕೇ ಹೆಚ್ಚು ಹೊತ್ತು ಕೊಡಬೇಕು.

ದೊಡ್ಡ ಸಮ್ಮೇಳನಗಳ ಲೆಕ್ಕವೂ ಇದನ್ನೇ ಹೇಳುತ್ತದೆ. ಭೂವಿಜ್ಞಾನಿಗಳ ಸಂಘವಾದ ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್ 2019ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆಸಿದ ಸಮ್ಮೇಳನಕ್ಕೆ ಸುಮಾರು 28,000 ಜನ ಬಂದಿದ್ದರು. ಪ್ರಯಾಣವೊಂದರಿಂದಲೇ 80,000 ಟನ್. ಅದೇ ಸಮ್ಮೇಳನವನ್ನು ದೇಶದ ನಡುವಿನ ಶಿಕಾಗೊದಲ್ಲಿ ಮಾಡಿದ್ದರೆ ಶೇ 12ರಷ್ಟು ಕಡಿಮೆಯಾಗುತ್ತಿತ್ತು ಎಂದು 2020ರಲ್ಲಿ ಲೆಕ್ಕ ಹಾಕಿದರು. ಊರು ಬದಲಿಸಿದ್ದಕ್ಕೇ ಅಷ್ಟು ಉಳಿತಾಯ. ಯುರೋಪಿನ ಖಗೋಳ ವಿಜ್ಞಾನಿಗಳು ತಮ್ಮ ವಾರ್ಷಿಕ ಸಮ್ಮೇಳನವನ್ನು 2019ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ನಡೆಸಿದಾಗ 1,240 ಜನಕ್ಕೆ 1,855 ಟನ್ ಆಗಿತ್ತು. ಮರುವರ್ಷ ಕೋವಿಡ್‌ನಿಂದಾಗಿ ಪೂರ್ತಿ ಆನ್‌ಲೈನ್ ಮಾಡಿದಾಗ ಅದಕ್ಕಿಂತ ಹೆಚ್ಚು ಜನ ಸೇರಿದರು, ಆದದ್ದು 582 ಕಿಲೋ. ಟನ್ ಅಲ್ಲ, ಕಿಲೋ.

ಸಸಿಯ ವಿಷಯ. ನೆಡಿ, ಖಂಡಿತ ನೆಡಿ. ಆದರೆ ಅದನ್ನು ವಿಮಾನದ ಲೆಕ್ಕಕ್ಕೆ ವಜಾ ಮಾಡಬೇಡಿ. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ ಹೀರುವುದು ಕಿಲೋಗಳ ಲೆಕ್ಕದಲ್ಲಿ. ಡಿಸೆಂಬರಿನಲ್ಲಿ ನೆಟ್ಟ ಸಸಿಗೆ ಮಾರ್ಚ್, ಏಪ್ರಿಲ್‌ನಲ್ಲಿ ಯಾರು ನೀರು ಹಾಕುತ್ತಾರೆ ಎಂಬುದೇ ಮೊದಲ ಪ್ರಶ್ನೆ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ರೈತರು ಯಾರೂ ಸಸಿ ನೆಡುವುದಿಲ್ಲ. ವೇದಿಕೆಯ ಮೇಲಿನ ಅತಿಥಿಗೆ ಕುಂಡ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಬದಲು ಜೂನ್‌ನಲ್ಲಿ ಎನ್‌ಎಸ್‌ಎಸ್ ವಿದ್ಯಾರ್ಥಿಗಳಿಂದ ನೆಡಿಸಿ, ಎರಡು ಬೇಸಿಗೆ ದಾಟಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿ. ‘ಕಾರ್ಬನ್ ನ್ಯೂಟ್ರಲ್’ ಎಂಬ ಮಾತನ್ನು ಮಾತ್ರ ಬ್ರೋಷರಿನಿಂದ ತೆಗೆದುಬಿಡಿ. ಅದು ನಿಜವಲ್ಲ, ಮತ್ತು ನಿಮ್ಮ ವಿದ್ಯಾರ್ಥಿಗಳು ಅದನ್ನು ನಿಜವೆಂದು ನಂಬುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಸಮಿತಿಗಳು ಐದು ದೇಶಗಳ ಹೆಸರು ಹಾಕಲು ಯಾಕೆ ಹಟ ಹಿಡಿಯುತ್ತವೆ? ಅಧ್ಯಾಪಕರನ್ನು ದೂರಿ ಪ್ರಯೋಜನವಿಲ್ಲ. ಅಧ್ಯಾಪಕರ ಬಡ್ತಿಗೆ ಸಂಬಂಧಿಸಿದ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯ ಅಂಕಗಳ ಕೋಷ್ಟಕವನ್ನು ತೆಗೆದು ನೋಡಿ. ವಿದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಉಪನ್ಯಾಸ ಕೊಟ್ಟರೆ, ಪ್ರಬಂಧ ಮಂಡಿಸಿದರೆ 7 ಅಂಕ. ದೇಶದೊಳಗಿನ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ 5. ರಾಷ್ಟ್ರೀಯಕ್ಕೆ 3. ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟದ್ದಕ್ಕೆ 2. ಪ್ರಬಂಧ ಅದೇ, ಓದುವವರು ಅವರೇ. ಎಷ್ಟು ದೂರ ಹಾರಿದರು, ಎಷ್ಟು ದೂರದವರನ್ನು ಕರೆಸಿದರು ಎಂಬುದರ ಮೇಲೆ ಅಂಕ ಏರುತ್ತದೆ. ಬಡ್ತಿಗಾಗಿ ವರ್ಷಗಟ್ಟಲೆ ಕಾದ ಸಹೋದ್ಯೋಗಿಗೆ 3ಕ್ಕೂ 5ಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿಯೇ ಜಿಲ್ಲಾ ಮಟ್ಟದ ವಿಷಯಕ್ಕೂ ‘ಅಂತರರಾಷ್ಟ್ರೀಯ’ ಎಂಬ ಬ್ಯಾನರ್ ಏರುತ್ತದೆ, ಅದಕ್ಕೊಬ್ಬ ವಿದೇಶಿ ಅತಿಥಿ ಬೇಕಾಗುತ್ತದೆ.

ಹಾರಾಟಕ್ಕೂ ವಿದ್ವತ್ತಿಗೂ ಅಂಥ ನಂಟೇನೂ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಪ್ರಾಧ್ಯಾಪಕರ ವಿಮಾನ ಪ್ರಯಾಣವನ್ನೂ ಅವರ ಸಂಶೋಧನಾ ಸಾಧನೆಯನ್ನೂ ಹೋಲಿಸಿ ನೋಡಿ 2019ರಲ್ಲಿ ಪ್ರಕಟಿಸಿದರು. ಹೆಚ್ಚು ಹಾರಿದವರ ಸಂಬಳ ಹೆಚ್ಚಿತ್ತು. ಸಂಶೋಧನೆಯ ಫಲ ಹೆಚ್ಚಿರಲಿಲ್ಲ. ನಿಮ್ಮ ಅಧ್ಯಾಪಕರ ಸಂಘ ಯುಜಿಸಿಗೆ ಮನವಿ ಕೊಡುವಾಗಲೆಲ್ಲ ವೇತನದ ಜೊತೆಗೆ ಈ ಅಂಕದ ವಿಷಯವನ್ನೂ ಬರೆಯಬೇಕು ಎಂಬುದು ನನ್ನ ಕಳಕಳಿಯ ವಿನಂತಿ. ಆನ್‌ಲೈನ್ ಮಂಡನೆಗೂ ಎದುರು ನಿಂತು ಮಾಡಿದ ಮಂಡನೆಗೂ ಒಂದೇ ಅಂಕ, ದೂರಕ್ಕೆ ಹೆಚ್ಚುವರಿ ಅಂಕವಿಲ್ಲ ಎಂದಾದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ.

ಈಗ ಹಿರಿಯರ ಆಕ್ಷೇಪಕ್ಕೆ ಬರೋಣ. ಅವರ ಮಾತಿನಲ್ಲಿ ಸತ್ಯವಿದೆ, ತಳ್ಳಿಹಾಕಬೇಡಿ. ಗೋಷ್ಠಿ ಮುಗಿದ ಮೇಲೆ ಚಹಾ ಹಿಡಿದು ಕಂಬದ ಪಕ್ಕ ನಿಂತಾಗ ಹುಟ್ಟುವ ಮಾತು ಝೂಮ್‌ನಲ್ಲಿ ಹುಟ್ಟುವುದು ಕಷ್ಟ. ಆದರೆ ಆ ಚಹಾದ ಮಾತು ಯಾರಿಗೆ ಹೆಚ್ಚು ಬೇಕು? ಮೂವತ್ತು ವರ್ಷದ ಸಂಪರ್ಕ ಇರುವ, ಯಾರಿಗೆ ಬೇಕಾದರೂ ಮೇಲ್ ಮಾಡಿ ಉತ್ತರ ಪಡೆಯಬಲ್ಲ ಹಿರಿಯ ಪ್ರಾಧ್ಯಾಪಕರಿಗಿಂತ ಕಲಬುರಗಿಯಿಂದಲೋ ಬಳ್ಳಾರಿಯಿಂದಲೋ ಮೊದಲ ಸಲ ಪ್ರಬಂಧ ಓದಲು ಬರುವ ಸಂಶೋಧನಾ ವಿದ್ಯಾರ್ಥಿನಿಗೆ. ಎದುರಾಎದುರು ಭೇಟಿಯ ಅವಕಾಶವನ್ನು ಅವರಿಗೆ ಉಳಿಸಿ, ದೂರದ ಹಾರಾಟವನ್ನು ಹಿರಿಯರಿಂದ ಕಡಿಮೆ ಮಾಡಿ. ಅಮೆರಿಕದಿಂದ ಒಬ್ಬರನ್ನು ಕರೆಸುವ ಟಿಕೆಟ್ಟಿಗೆ ಲಕ್ಷ ರೂಪಾಯಿಯ ಆಸುಪಾಸು ಆಗುತ್ತದೆ. ಆ ದುಡ್ಡಿನಲ್ಲಿ ರಾಜ್ಯದೊಳಗಿನ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಸ್ಲೀಪರ್ ಟಿಕೆಟ್ ಕೊಡಿಸಬಹುದು. ಡಿಸೆಂಬರಿನ ರಜೆಯಲ್ಲಿ ಹಾಸ್ಟೆಲ್ ಖಾಲಿಯಿದ್ದರೆ ವಸತಿಗೂ ದಾರಿ ಆಯಿತು.

ವಿದೇಶದ ಐವರನ್ನೂ ಬೇಡವೆನ್ನಿ ಎಂದು ನಾನು ಹೇಳುತ್ತಿಲ್ಲ. ಒಬ್ಬರನ್ನು ಕರೆಯಿರಿ, ಎರಡು ವಾರ ಇರಿಸಿಕೊಳ್ಳಿ. ಸಂಕಿರಣದ ಮುಂಚೆ ಎಂ.ಎ., ಎಂ.ಎಸ್ಸಿ. ತರಗತಿಗಳಿಗೆ ಪಾಠ ಮಾಡಲಿ, ಆಮೇಲೆ ಬೆಳಗಾವಿ, ಮೈಸೂರು, ಬೆಂಗಳೂರಿನ ವಿಭಾಗಗಳಿಗೆ ರೈಲಿನಲ್ಲಿ ಹೋಗಿ ಬರಲಿ. ವಿದೇಶಿ ಅಧ್ಯಾಪಕರನ್ನು ಕರೆಸಿ ಒಂದೆರಡು ವಾರದ ಕೋರ್ಸ್ ನಡೆಸಲೆಂದೇ ಕೇಂದ್ರ ಸರ್ಕಾರ 2015ರಲ್ಲಿ ‘ಗ್ಯಾನ್’ ಯೋಜನೆ ತಂದಿತು. ಆ ಮಾದರಿಯಲ್ಲಿ ಯೋಚಿಸಿ. ಬೆಂಗಳೂರಿನ ಹೆಸರಘಟ್ಟದ ಬಳಿಯ ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರ) ಸಂಸ್ಥೆಯಲ್ಲಿ ಕಾರ್ಯಕ್ರಮಗಳು ವಾರಗಟ್ಟಲೆ ನಡೆಯುತ್ತವೆ, ಉಪನ್ಯಾಸಗಳು ಯೂಟ್ಯೂಬ್‌ನಲ್ಲಿ ಎಲ್ಲರಿಗೂ ಸಿಗುತ್ತವೆ. ಒಂದು ಹಾರಾಟಕ್ಕೆ ಹಲವು ಪಟ್ಟು ಕೆಲಸ ಎಂದರೆ ಇದು. ಬೆಳಗ್ಗೆ ಬಂದು, ಭಾಷಣ ಮಾಡಿ, ಶಾಲು ಹೊದ್ದು, ಮರುದಿನ ಹಂಪಿ ನೋಡಿ ಹಾರಿಹೋಗುವ ಭೇಟಿಯಿಂದ ವಿಭಾಗಕ್ಕೆ ಉಳಿಯುವುದು ಒಂದು ಫೋಟೊ.

ಉಳಿದ ನಾಲ್ವರು ಆನ್‌ಲೈನ್. ಸಮಯ ಹೊಂದುತ್ತದೆ. ಡಿಸೆಂಬರಿನಲ್ಲಿ ನಮ್ಮ ಬೆಳಗಿನ ಒಂಬತ್ತು ಗಂಟೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆ ಏಳೂವರೆ. ನಮ್ಮ ಮಧ್ಯಾಹ್ನ ಮೂರೂವರೆ ಜರ್ಮನಿಯಲ್ಲಿ ಬೆಳಗಿನ ಹನ್ನೊಂದು. ಅಮೆರಿಕದವರನ್ನು ಮೊದಲ ಗೋಷ್ಠಿಗೆ, ಜರ್ಮನಿಯವರನ್ನು ಊಟದ ನಂತರದ ಗೋಷ್ಠಿಗೆ ಇಡಿ. ಯಾರೂ ನಿದ್ದೆಗೆಡಬೇಕಿಲ್ಲ.

ಹೋದ ಸಲದ ಹೈಬ್ರಿಡ್ ಕೆಟ್ಟದ್ದು ಯಾಕೆ ಎಂದು ನೀವು ಬರೆದಿಲ್ಲ. ನಾನು ಕಂಡಿರುವ ಬಹುಪಾಲು ಹೈಬ್ರಿಡ್ ಗೋಷ್ಠಿಗಳು ಕೆಟ್ಟಿರುವುದು ಇಂಟರ್‌ನೆಟ್ಟಿನಿಂದಲ್ಲ, ಧ್ವನಿಯಿಂದ. ಲ್ಯಾಪ್‌ಟಾಪನ್ನು ಪೋಡಿಯಂ ಮೇಲಿಟ್ಟು ಅದರ ಮೈಕನ್ನೇ ನಂಬಿರುತ್ತಾರೆ. ಸಭಾಂಗಣದ ಆ್ಯಂಪ್ಲಿಫೈಯರ್‌ನ ಧ್ವನಿ ಪ್ರತಿಧ್ವನಿಯಾಗಿ ಒಳಹೋಗಿ ಆ ಕಡೆಯವರಿಗೆ ಬರೀ ಗುಂಯ್ ಎನ್ನುತ್ತದೆ. ಪ್ರಶ್ನೆ ಕೇಳುವವರು ಎಂಟನೇ ಸಾಲಿನಿಂದ ಮೈಕ್ ಇಲ್ಲದೆ ಕೇಳುತ್ತಾರೆ. ಸಭಿಕರಿಗೆಲ್ಲ ಕೇಳಿಸುತ್ತದೆ, ಪರದೆಯಲ್ಲಿರುವವರು ಮಾತ್ರ ಪೆಚ್ಚಾಗಿ ನೋಡುತ್ತಿರುತ್ತಾರೆ. ಪರಿಹಾರ ದುಬಾರಿಯದಲ್ಲ. ಸೌಂಡ್ ಸಿಸ್ಟಂನವರಿಗೆ ಮೊದಲೇ ಹೇಳಿ ಮಿಕ್ಸರ್‌ನಿಂದ ಒಂದು ವೈರನ್ನು ನೇರ ಲ್ಯಾಪ್‌ಟಾಪಿಗೆ ಕೊಡಿಸಿ, ಲ್ಯಾಪ್‌ಟಾಪಿನ ಧ್ವನಿ ಸಭಾಂಗಣಕ್ಕೆ ಬರಲು ಇನ್ನೊಂದು ವೈರು. ಸಭಿಕರಿಗೆಂದು ಎರಡು ಕಾರ್ಡ್‌ಲೆಸ್ ಮೈಕ್ ಬೇಕು, ಅವನ್ನು ಹಿಡಿದು ಓಡಾಡಲು ಇಬ್ಬರು ವಿದ್ಯಾರ್ಥಿಗಳು. ಆನ್‌ಲೈನ್‌ನಲ್ಲಿರುವವರ ಪ್ರಶ್ನೆಗಳನ್ನು ಓದಿ ಹೇಳಲು ಗೋಷ್ಠಿಯ ಅಧ್ಯಕ್ಷರನ್ನು ಬಿಟ್ಟು ಇನ್ನೊಬ್ಬರು ಇರಲಿ, ಮತ್ತು ಪ್ರತಿ ಗೋಷ್ಠಿಯ ಮೊದಲ ಪ್ರಶ್ನೆ ಆನ್‌ಲೈನ್‌ನವರಿಗೇ ಮೀಸಲಿರಲಿ. ಹಿಂದಿನ ದಿನ ಸಂಜೆ ಒಬ್ಬರನ್ನು ಮನೆಯಲ್ಲಿ ಕೂರಿಸಿ ಪೂರ್ತಿ ಒಂದು ಗಂಟೆ ಪರೀಕ್ಷಿಸಿ. ಕರೆಂಟ್ ಹೋದರೆ ಜನರೇಟರ್ ಹತ್ತುವ ಅರ್ಧ ನಿಮಿಷದಲ್ಲಿ ರೂಟರ್ ಆರದಂತೆ ಅದಕ್ಕೊಂದು ಸಣ್ಣ ಯುಪಿಎಸ್ ಹಾಕಿ.

ಇನ್ನೂ ಮುಂದೆ ಹೋಗುವ ಧೈರ್ಯವಿದ್ದರೆ ಎರಡು ಮಾದರಿಗಳಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನಲ್ಲಿ ಕೆನ್ ಹಿಲ್ಟ್‌ನರ್ ಎಂಬ ಮಾನವಿಕ ಶಾಸ್ತ್ರದ ಪ್ರಾಧ್ಯಾಪಕರು 2016ರಲ್ಲೇ, ಅಂದರೆ ಕೋವಿಡ್‌ಗೆ ನಾಲ್ಕು ವರ್ಷ ಮುಂಚೆ, ಹವಾಮಾನ ಬದಲಾವಣೆ ಕುರಿತ ಸಮ್ಮೇಳನವನ್ನು ಯಾರೂ ಪ್ರಯಾಣ ಮಾಡದಂತೆ ನಡೆಸಿದರು. ಉಪನ್ಯಾಸಗಳನ್ನು ಮೊದಲೇ ರೆಕಾರ್ಡ್ ಮಾಡಿ ಹಾಕಿ, ಪ್ರಶ್ನೋತ್ತರವನ್ನು ವಾರಗಳ ಕಾಲ ಬರಹದಲ್ಲಿ ತೆರೆದಿಟ್ಟರು. ಹತ್ತು ನಿಮಿಷದ ಪ್ರಶ್ನೋತ್ತರದಲ್ಲಿ ಬಾಯಿ ತೆರೆಯಲು ಹಿಂಜರಿಯುವವರು ಅಲ್ಲಿ ಯೋಚಿಸಿ ಬರೆಯಬಹುದು. ಇಂಗ್ಲಿಷ್ ಮಾತಿನಲ್ಲಿ ತಡವರಿಸುವ ನಮ್ಮ ವಿದ್ಯಾರ್ಥಿಗಳಿಗೆ ಇದು ದೊಡ್ಡ ಅನುಕೂಲ. ಎರಡನೆಯದು, ಸಂಗೀತ ಮನೋವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನ 2018ರಲ್ಲಿ ಮಾಡಿದ್ದು. ಆಸ್ಟ್ರಿಯಾದ ಗ್ರಾಜ್, ಅರ್ಜೆಂಟೀನಾದ ಲಾ ಪ್ಲಾಟಾ, ಕೆನಡಾದ ಮಾಂಟ್ರಿಯಲ್, ಆಸ್ಟ್ರೇಲಿಯಾದ ಸಿಡ್ನಿ, ಈ ನಾಲ್ಕೂ ಊರುಗಳಲ್ಲಿ ಒಟ್ಟಿಗೆ. ಜನ ತಮಗೆ ಹತ್ತಿರದ ಊರಿಗೆ ಹೋದರು, ಚಹಾದ ಮಾತೂ ಸಿಕ್ಕಿತು, ಊರುಗಳ ನಡುವೆ ವಿಡಿಯೊ ಕೊಂಡಿಯೂ ಇತ್ತು. ಕಾರ್ನೆಲ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಪೂರ್ತಿ ಆನ್‌ಲೈನ್ ಆದರೆ ಶೇ 94ರಷ್ಟು ಹೊರಸೂಸುವಿಕೆ ತಗ್ಗುತ್ತದೆ. ಕೇಂದ್ರಗಳನ್ನು ಸರಿಯಾಗಿ ಆರಿಸಿಕೊಂಡರೆ ಅರ್ಧಕ್ಕೂ ಹೆಚ್ಚು ಜನ ಖುದ್ದು ಸೇರಿಯೂ ಮೂರರಲ್ಲಿ ಎರಡು ಪಾಲು ಉಳಿಸಬಹುದು. ಧಾರವಾಡದ ಜೊತೆ ಕಲಬುರಗಿ, ಮಂಗಳೂರಿನ ಒಂದೊಂದು ವಿಭಾಗ ಕೈಜೋಡಿಸಿದರೆ ಇದನ್ನು ನಮ್ಮ ಮಟ್ಟದಲ್ಲೇ ಮಾಡಿನೋಡಬಹುದು. ನನಗೆ ಅತ್ಯಂತ ಆಸೆ ಇರುವುದು ಈ ಪ್ರಯೋಗದ ಮೇಲೆ.

ದೇಶದೊಳಗಿನ ಹನ್ನೆರಡು ವಿಮಾನ ಪ್ರಯಾಣಿಕರಲ್ಲಿ ದೆಹಲಿಯವರಿಗೆ ರೈಲು ಹತ್ತಿ ಎನ್ನುವುದು ಕಷ್ಟ. ಆದರೆ ಬೆಂಗಳೂರು, ಹುಬ್ಬಳ್ಳಿ ನಡುವಿನ ವಿಮಾನವನ್ನು ತಪ್ಪಿಸಬಹುದು. 2023ರ ಜೂನ್‌ನಿಂದ ಬೆಂಗಳೂರು, ಧಾರವಾಡದ ನಡುವೆ ವಂದೇ ಭಾರತ್ ಇದೆ, ರಾತ್ರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ, ಮಾರ್ಗ ವಿದ್ಯುದೀಕರಣಗೊಂಡಿದೆ. ಜನ ರೈಲು ಬಿಟ್ಟು ವಿಮಾನವನ್ನೋ ಬಾಡಿಗೆ ಕಾರನ್ನೋ ಹಿಡಿಯಲು ಮುಖ್ಯ ಕಾರಣ ನಮ್ಮ ಉದ್ಘಾಟನೆಯ ಸಮಯ. ಬೆಳಗ್ಗೆ ಹತ್ತಕ್ಕೆ ದೀಪ ಬೆಳಗಬೇಕು ಎಂದು ಹಟ ಹಿಡಿದರೆ ಬೆಳಗಿನ ರೈಲಿನವರು ಮುಟ್ಟುವುದಿಲ್ಲ. ಮೊದಲ ದಿನ ಮಧ್ಯಾಹ್ನದ ಊಟದಿಂದ ಶುರು ಮಾಡಿ, ಮೂರನೇ ದಿನವನ್ನೂ ರೈಲಿನ ವೇಳೆ ನೋಡಿಯೇ ಮುಗಿಸಿ.

ಊಟ, ಚೀಲ, ಬ್ಯಾನರ್‌ಗಳು ಇಂಗಾಲದ ಲೆಕ್ಕದಲ್ಲಿ ಸಣ್ಣವು. ಆದರೂ ಕಸದ ಲೆಕ್ಕ ಬೇರೆಯೇ ಇದೆ. ಬಾಟಲಿ ಬೇಡವೆಂಬ ನಿಮ್ಮ ತೀರ್ಮಾನವನ್ನು ಆ ಕಾರಣಕ್ಕೆ ಉಳಿಸಿಕೊಳ್ಳಿ. ಕ್ಯಾನ್ ನೀರು, ಸ್ಟೀಲ್ ಲೋಟ ಸಾಕು. ಬಾಟಲಿಯ ಜಾಗಕ್ಕೆ ಪೇಪರ್ ಕಪ್ ತರಬೇಡಿ, ಅದರೊಳಗೂ ಪ್ಲಾಸ್ಟಿಕ್ ಪದರವಿದೆ. ಲೋಟ ತೊಳೆಯುವವರಿಗೆ ಮೂರು ದಿನದ ಕೂಲಿಯನ್ನು ಬಜೆಟ್ಟಿನಲ್ಲೇ ಸೇರಿಸಿ. ಸೆಣಬಿನ ಚೀಲ ಪ್ರತಿಯೊಬ್ಬ ಅಧ್ಯಾಪಕರ ಮನೆಯಲ್ಲೂ ನಾಲ್ಕಾರು ಬಿದ್ದಿವೆ, ಬೇಡ. ಬಟ್ಟೆಯ ಬ್ಯಾನರಿಗೆ ವಿಭಾಗದ ಹೆಸರು ಮಾತ್ರ ಬರೆಸಿ, ವಿಷಯವನ್ನೂ ದಿನಾಂಕವನ್ನೂ ಪ್ರೊಜೆಕ್ಟರ್‌ನಲ್ಲಿ ತೋರಿಸಿ. ಫ್ಲೆಕ್ಸನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿದೆ, ಕಾಲೇಜೇ ಅದನ್ನು ಕಟ್ಟಬಾರದು.

ಊಟದಲ್ಲಿ ನಿಜವಾದ ನಷ್ಟ ಉಳಿದು ಚೆಲ್ಲುವುದರಲ್ಲಿದೆ, ಅದು ಹೆಚ್ಚು ಆಗುವುದು ಮೂರನೇ ದಿನ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಜನ ಬಸ್ಸಿಗೆ, ರೈಲಿಗೆ ಹೊರಡುತ್ತಾರೆ. ಅಡುಗೆಯವರಿಗೆ ಹೇಳಿದ್ದು 200 ಎಲೆ, ಉಣ್ಣುವವರು 120. ದಿನವೂ ಬೆಳಗಿನ ತಿಂಡಿಯ ಹೊತ್ತಿಗೆ ಮಧ್ಯಾಹ್ನದ ಊಟಕ್ಕೆ ಯಾರಿದ್ದೀರಿ ಎಂದು ಕೈ ಎತ್ತಿಸಿ ಎಣಿಸಿ, ಅಕ್ಕಿ ನೆನೆಹಾಕುವ, ಪಲ್ಯಕ್ಕೆ ಹೆಚ್ಚುವ ಮೊದಲೇ ಭಟ್ಟರಿಗೆ ಸಂಖ್ಯೆ ಮುಟ್ಟಿಸಿ. ಬಫೆ ಬದಲು ಬಾಳೆ ಎಲೆಯ ಪಂಕ್ತಿ ಊಟವಾದರೆ ಬಡಿಸುವವರು ಕೇಳಿ ಬಡಿಸುತ್ತಾರೆ, ತಟ್ಟೆಯಲ್ಲಿ ರಾಶಿ ಬೀಳುವುದು ತಪ್ಪುತ್ತದೆ. ಜೋಳದ ರೊಟ್ಟಿ, ಎಣಗಾಯಿ, ಹೆಸರುಕಾಳಿನ ಪಲ್ಯಕ್ಕಿಂತ ಕಡಿಮೆ ಹೊರೆಯ ಊಟವನ್ನು ಯಾವ ಯುರೋಪಿನ ಸಮ್ಮೇಳನವೂ ಕೊಡಲಾರದು.

ಕೊನೆಗೆ, ನೋಂದಣಿ ಅರ್ಜಿಯಲ್ಲಿ ಎರಡು ಕಲಂ ಸೇರಿಸಿ: ಯಾವ ಊರಿನಿಂದ ಬರುತ್ತೀರಿ, ಯಾವುದರಲ್ಲಿ ಬರುತ್ತೀರಿ. ಇದೇ ಅರ್ಜಿಯಲ್ಲಿ ‘ಆನ್‌ಲೈನ್‌ನಲ್ಲಿ ಮಂಡಿಸುತ್ತೇನೆ’ ಎಂಬ ಆಯ್ಕೆಯೂ ಇರಲಿ, ಅದಕ್ಕೆ ಶುಲ್ಕ ಕಡಿಮೆ ಇರಲಿ, ಪ್ರಮಾಣಪತ್ರದಲ್ಲಿ ಭೇದ ಬೇಡ. ಸಂಕಿರಣ ಮುಗಿದ ವಾರದಲ್ಲಿ ಮೇಲೆ ನಾನು ಮಾಡಿದಂತೆಯೇ ಕೂಡಿಸಿ, ಪ್ರಯಾಣ ಎಷ್ಟು ಟನ್, ಊಟ ಎಷ್ಟು, ವಿದ್ಯುತ್ತು ಎಷ್ಟು ಎಂದು ಒಂದು ಪುಟ ಬರೆದು ವರದಿಯಲ್ಲಿ ಲೆಕ್ಕಪತ್ರದ ಪಕ್ಕದಲ್ಲೇ ಹಾಕಿ. ವಿದೇಶದಿಂದ ಐವರ ಬದಲು ಜರ್ಮನಿಯಿಂದ ಒಬ್ಬರೇ ಬಂದು, ಉಳಿದ ನಾಲ್ವರು ಆನ್‌ಲೈನ್ ಆದರೆ ಆ ಎಂಟು ಟನ್ನಿನ ಸಾಲು 1.3ಕ್ಕೆ ಇಳಿದಿರುತ್ತದೆ. ಬ್ರೋಷರಿನಲ್ಲಿ ‘ಕಾರ್ಬನ್ ನ್ಯೂಟ್ರಲ್’ ತೆಗೆದ ಜಾಗದಲ್ಲಿ ಬೆಂಗಳೂರಿನಿಂದ ಬರುವ ರೈಲುಗಳ ವೇಳೆಯನ್ನು ಅಚ್ಚು ಹಾಕಿಸಿ.